ಸರ್ವಾಧಿಕಾರಿ ಬೇಕೆನ್ನುವ ಮುನ್ನ ಫ್ಲಿಂಟ್ ಊರಿನ ನೀರು ನೆನಪಿರಲಿ



ಶಿಕಾಗೋ, ಡೆಟ್ರಾಯಿಟ್ ಕಡೆ ನಾಲ್ಕು ಜನ ಕನ್ನಡಿಗರು ಊಟಕ್ಕೆ ಸೇರಿದರೆ ಸಾಕು, ಮಾತು ಬೆಂಗಳೂರಿನ ರಸ್ತೆಗುಂಡಿಗೆ, ಅಲ್ಲಿಂದ ನೇರ ಚೀನಾದ ಹೆದ್ದಾರಿಗೆ ಹೋಗುತ್ತದೆ. "ನಮ್ಮ ದೇಶಕ್ಕೆ ಪ್ರಜಾಪ್ರಭುತ್ವ ಜಾಸ್ತಿಯಾಯಿತು, ಹತ್ತು ವರ್ಷ ಒಬ್ಬ ಸರ್ವಾಧಿಕಾರಿ ಬರಬೇಕು" ಎಂದು ಒಬ್ಬರು. "ಬ್ರಿಟಿಷರೇ ವಾಸಿ, ರೈಲಾದರೂ ಕೊಟ್ಟರು" ಎಂದು ಇನ್ನೊಬ್ಬರು. ಓದಿ, ದುಡಿದು, ಮೇಲೆ ಬಂದವರ ಮಾತು ಇದು. ನಕ್ಕು ತಳ್ಳಿಹಾಕುವುದು ಬೇಡ, ಲೆಕ್ಕ ಹಾಕಿ ನೋಡೋಣ.

ಒಪ್ಪಬೇಕಾದ್ದನ್ನು ಮೊದಲು ಒಪ್ಪಿಬಿಡೋಣ. 1980ರ ಹೊತ್ತಿಗೆ ಚೀನಾ, ಭಾರತ ಎರಡೂ ಕಡುಬಡ ದೇಶಗಳು. ಇಂದು ಚೀನಾದ ತಲಾ ಆದಾಯ ನಮ್ಮದರ ಹೆಚ್ಚುಕಡಿಮೆ ಐದು ಪಟ್ಟು. ಮತಪೆಟ್ಟಿಗೆ ಇಟ್ಟ ಮಾತ್ರಕ್ಕೆ ಹಣದ ಪೆಟ್ಟಿಗೆ ತುಂಬುವುದಿಲ್ಲ, ನಿಜ. ಆದರೆ ಅದೇ ಕಮ್ಯುನಿಸ್ಟ್ ಪಕ್ಷದ ಆಡಳಿತದಲ್ಲೇ 1959-61ರ ಮಹಾಕ್ಷಾಮವೂ ಆಯಿತು. ಸತ್ತವರ ಸಂಖ್ಯೆ ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಎಂದು ಬೇರೆ ಬೇರೆ ಅಂದಾಜುಗಳಿವೆ. ಕೆಳಗಿನ ಅಧಿಕಾರಿಗಳು ಬಂಪರ್ ಬೆಳೆ ಎಂದು ಸುಳ್ಳು ಲೆಕ್ಕ ಕಳಿಸಿದರು. ಟೀಕಿಸಿದ ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್ 1959ರಲ್ಲಿ ಹುದ್ದೆ ಕಳೆದುಕೊಂಡರು. ಆಮೇಲೆ ಬಾಯಿ ಬಿಡುವವರು ಯಾರು?

ಇನ್ನು ಬ್ರಿಟಿಷರ ವಿಷಯ. 1831ರಿಂದ 1881ರವರೆಗೆ ಮೈಸೂರನ್ನು ನೇರವಾಗಿ ಆಳಿದವರು ಬ್ರಿಟಿಷ್ ಕಮಿಷನರುಗಳು. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಅದು 42 ಲಕ್ಷಕ್ಕೆ ಇಳಿದಿತ್ತು. ನಡುವೆ ಬಂದದ್ದು 1876-78ರ ಬರಗಾಲ. ಆ ವರ್ಷಗಳಲ್ಲೂ ಭಾರತದಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಲೇ ಇತ್ತು. ರೈಲು ಇತ್ತು ಸ್ವಾಮಿ, ಆದರೆ ಅದನ್ನು ಓಡಿಸುವವರು ಹಸಿದವನಿಗೆ ಉತ್ತರ ಹೇಳಬೇಕಾಗಿರಲಿಲ್ಲ!

"ಹಾಗಾದರೆ ವಿಶ್ವೇಶ್ವರಯ್ಯನವರು? ಅವರನ್ನು ಯಾರು ಓಟು ಹಾಕಿ ಆರಿಸಿದರು?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. 1912ರಿಂದ 1918ರವರೆಗೆ ದಿವಾನರಾಗಿ ಅವರು ಬ್ಯಾಂಕು, ವಿಶ್ವವಿದ್ಯಾನಿಲಯ, ಕಾರ್ಖಾನೆ ಕಟ್ಟಿದರು. ಆದರೆ ಅದೇ ಕಾಲದಲ್ಲಿ ಕಲಬುರಗಿ, ರಾಯಚೂರು, ಬೀದರ್ ಕನ್ನಡಿಗರೂ ಒಬ್ಬ ಅರಸನ ಕೆಳಗೇ ಇದ್ದರು, ಹೈದರಾಬಾದಿನ ನಿಜಾಮನ ಕೆಳಗೆ. ಇಲ್ಲೂ ಓಟಿಲ್ಲ, ಅಲ್ಲೂ ಓಟಿಲ್ಲ. ಒಂದು ಕಡೆ ಮೈಸೂರು ವಿಶ್ವವಿದ್ಯಾನಿಲಯ, ಇನ್ನೊಂದು ಕಡೆ ಇವತ್ತಿಗೂ ಪೂರ್ತಿ ನೀಗದ ಹಿಂದುಳಿಕೆ. ಒಳ್ಳೆಯ ಅರಸ ಸಿಗುವುದು ಲಾಟರಿ. ನಮಗೆ ನೆನಪಿರುವುದು ಲಾಟರಿ ಹೊಡೆದ ಮನೆ ಮಾತ್ರ. ಪ್ರಜಾಪ್ರಭುತ್ವವೂ ಆ ಜಿಲ್ಲೆಗಳಿಗೆ ಬೇಗ ನ್ಯಾಯ ಕೊಡಲಿಲ್ಲ, ಸಂವಿಧಾನದ 371 ಜೆ ವಿಧಿ ಜಾರಿಗೆ ಬರಲು 2013 ಆಯಿತು. ಆದರೂ ಬಂತು, ಜನ ಬಿಡದೆ ಕೇಳಿದ್ದರಿಂದ.

ಇದೆಲ್ಲ ಹಳೆಯ ಕಥೆ ಎನ್ನುತ್ತೀರಾ? ಹಾಗಾದರೆ ಡೆಟ್ರಾಯಿಟ್‌ನಿಂದ ಒಂದು ಗಂಟೆ ದಾರಿಯ ಫ್ಲಿಂಟ್‌ಗೆ ಬನ್ನಿ. ಸಾಲದಲ್ಲಿ ಮುಳುಗಿದ ಊರುಗಳಿಗೆ ರಾಜ್ಯವೇ ತುರ್ತು ಆಡಳಿತಾಧಿಕಾರಿಯನ್ನು ನೇಮಿಸುವ ಕಾನೂನು ಮಿಷಿಗನ್‌ನಲ್ಲಿತ್ತು. 2012ರ ನವೆಂಬರ್‌ನಲ್ಲಿ ಮತದಾರರು ಅದನ್ನು ತಿರಸ್ಕರಿಸಿದರು. ಡಿಸೆಂಬರ್‌ನಲ್ಲಿ ಶಾಸನಸಭೆ ಅಂಥದ್ದೇ ಇನ್ನೊಂದು ಕಾನೂನು ಮಾಡಿತು, ಅದೂ ಮತ್ತೆ ಜನಮತಕ್ಕೆ ಹಾಕಲಾಗದಂತೆ!

ಮೇಲಿನಿಂದ ಬಂದ ಅಧಿಕಾರಿಯ ಆಡಳಿತದಲ್ಲೇ, 2014ರ ಏಪ್ರಿಲ್‌ನಲ್ಲಿ, ಸುಮಾರು 5 ಮಿಲಿಯನ್ ಡಾಲರ್ ಉಳಿಸಲು ಡೆಟ್ರಾಯಿಟ್ ನೀರು ಬಿಟ್ಟು ಫ್ಲಿಂಟ್ ನದಿಯ ನೀರು ಹರಿಸಲಾಯಿತು. ಕೊಳವೆ ಸವೆಯದಂತೆ ಮಾಡಬೇಕಾದ ಸಂಸ್ಕರಣೆ ಮಾಡಲಿಲ್ಲ. ಮಕ್ಕಳು ಕುಡಿಯುವ ನೀರಿಗೆ ಸೀಸ ಇಳಿಯಿತು. ಇಂಜಿನ್ ಭಾಗಗಳು ತುಕ್ಕು ಹಿಡಿಯುತ್ತವೆ ಎಂದು ಜನರಲ್ ಮೋಟಾರ್ಸ್ ಕಾರ್ಖಾನೆ 2014ರ ಅಕ್ಟೋಬರ್‌ನಲ್ಲೇ ಆ ನೀರು ಬೇಡವೆಂದಿತು. ಮನೆಗಳಿಗೆ ಮಾತ್ರ ಅದೇ ನೀರು ಇನ್ನೂ ಒಂದು ವರ್ಷ! 2015ರ ಮಾರ್ಚ್‌ನಲ್ಲಿ ಜನ ಆರಿಸಿದ ನಗರಸಭೆ ಡೆಟ್ರಾಯಿಟ್ ನೀರಿಗೆ ಮರಳೋಣವೆಂದು 7-1 ಮತದಿಂದ ನಿರ್ಣಯಿಸಿತು. ಆಡಳಿತಾಧಿಕಾರಿ ಒಪ್ಪಲಿಲ್ಲ. 2021ರಲ್ಲಿ ನ್ಯಾಯಾಲಯ ಒಪ್ಪಿದ ಪರಿಹಾರದ ಮೊತ್ತ 626 ಮಿಲಿಯನ್ ಡಾಲರ್, ಅದರ ಬಹುಪಾಲು ರಾಜ್ಯದ ಬೊಕ್ಕಸದಿಂದ. ನಮ್ಮಲ್ಲಿ ಎಷ್ಟೋ ಜನ ಇಂಜಿನಿಯರುಗಳು. 5 ಉಳಿಸಲು ಹೋಗಿ 626 ಕಳೆಯುವುದಕ್ಕೆ ದಕ್ಷತೆ ಎನ್ನುತ್ತೇವೆಯೇ?

ಓಟು ಇದ್ದರೆ ಸಾಕೇ? ಸಾಲದು. ಶಿಕಾಗೋ ನೋಡಿ. 2008ರ ಡಿಸೆಂಬರ್‌ನಲ್ಲಿ ಮೇಯರ್ ಡೇಲಿ ಊರಿನ ಪಾರ್ಕಿಂಗ್ ಮೀಟರುಗಳನ್ನು 75 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟರು, ಸುಮಾರು 1.15 ಬಿಲಿಯನ್ ಡಾಲರಿಗೆ. ಒಪ್ಪಂದ ಪ್ರಕಟವಾದ ಎರಡೇ ದಿನದಲ್ಲಿ ಚುನಾಯಿತ ಸದಸ್ಯರು 40-5 ಮತದಿಂದ ಒಪ್ಪಿಗೆ ಕೊಟ್ಟರು. ಊರಿಗೆ 974 ಮಿಲಿಯನ್ ಕಡಿಮೆ ಬಂತೆಂದು ನಗರದ ಇನ್‌ಸ್ಪೆಕ್ಟರ್ ಜನರಲ್ 2009ರಲ್ಲಿ ವರದಿ ಕೊಟ್ಟರು. ಲೆಕ್ಕ ಓದದೆ ಕೈ ಎತ್ತಿದರೆ ಪ್ರಜಾಪ್ರಭುತ್ವವೂ ದಿವಾಳಿಯೇ.

ಹಾಗಾಗಿ ಸಮೃದ್ಧಿ ಬರುವುದು ಓಟಿನಿಂದಲ್ಲ, ಬಿಲ್ಲು ಕಟ್ಟುವವನಿಗೆ ಲೆಕ್ಕ ಕೇಳುವ ಹಕ್ಕಿದ್ದು, ಅವನು ಅದನ್ನು ಬಳಸಿದಾಗ. ಸರ್ವಾಧಿಕಾರದಲ್ಲಿ, ವಸಾಹತಿನಲ್ಲಿ ಆ ಹಕ್ಕೇ ಇಲ್ಲ. ನಮಗಿದೆ, ಬಳಸುವವರು ಕಡಿಮೆ.

ಸರ್ವಾಧಿಕಾರಿ ಬೇಕೆನ್ನುವವರು ಬೆಂಗಳೂರನ್ನೇ ನೋಡಬಹುದು. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಅಧಿಕಾರಿಗಳದೇ ದರ್ಬಾರು. ಗುಂಡಿ ಮುಚ್ಚಿತೇ? ಇಲ್ಲಿ ಕೂತು ಬೆಂಗಳೂರನ್ನು ಬೈಯುವ ನಾವು ಆ ಚುನಾವಣೆಗಾಗಿ ಒಂದು ಪತ್ರ ಬರೆದೆವೇ? ಭಾರತದ ಪಾಸ್‌ಪೋರ್ಟ್ ಇರುವವರು 2011ರಿಂದ ಅನಿವಾಸಿ ಮತದಾರರಾಗಿ ಹೆಸರು ಸೇರಿಸಬಹುದು. ಖುದ್ದು ಹೋಗಿಯೇ ಓಟು ಹಾಕಬೇಕೆಂಬ ನಿಯಮ ಬದಲಾಗಲಿ ಎಂದು ಕೇಳಬಹುದು. ಇಲ್ಲಿನ ಪೌರರಾದವರು ನೇಪರ್‌ವಿಲ್ ಇರಲಿ, ಟ್ರಾಯ್ ಇರಲಿ, ಊರಿನ ಶಾಲಾ ಮಂಡಳಿಯ, ನಗರಸಭೆಯ ಚುನಾವಣೆಗೆ ಹೋಗಬಹುದು.

ಕನ್ನಡ ಕೂಟದ ಸರ್ವಸದಸ್ಯರ ಸಭೆಯಲ್ಲಿ ಊಟದ ಖರ್ಚು ಹತ್ತು ಡಾಲರ್ ಹೆಚ್ಚಾದರೆ ಎದ್ದು ನಿಂತು ಕೇಳುತ್ತೇವೆ. ಅಷ್ಟೇ ಗಟ್ಟಿಯಾಗಿ ಊರನ್ನೂ, ರಾಜ್ಯವನ್ನೂ ಕೇಳೋಣ. ಏನಂತೀರಿ?

ಸಿರಿಗನ್ನಡಂ ಗೆಲ್ಗೆ!