ಓಟಗಾರರಿಲ್ಲದೆಯೂ ಸಿಗುವ ಬಡ್ತಿ

ಯುಜಿಸಿ 2025ರ ಜನವರಿಯಲ್ಲಿ ಹೊರಡಿಸಿದ ನೇಮಕಾತಿ ಕರಡಿನ ಬಗ್ಗೆ ಕರ್ನಾಟಕದಲ್ಲಿ ನಡೆದ ವಾದವೆಲ್ಲ ಕುಲಪತಿಯ ಕುರ್ಚಿಯ ಸುತ್ತಲೇ ನಡೆಯಿತು. ಕುಲಪತಿಯನ್ನು ಆರಿಸುವ ಶೋಧನಾ ಸಮಿತಿ ಯಾರ ಹಿಡಿತದಲ್ಲಿರಬೇಕು ಎಂಬ ಪ್ರಶ್ನೆ ಹಿಡಿದು ಫೆಬ್ರುವರಿ 5ರಂದು ಬೆಂಗಳೂರಿನಲ್ಲಿ ಬೇರೆ ಬೇರೆ ರಾಜ್ಯಗಳ ಸಚಿವರು ಸೇರಿ ನಿರ್ಣಯವನ್ನೂ ಮಾಡಿದರು. ಆ ವಿರೋಧ ನ್ಯಾಯವಾದದ್ದೇ. ಆದರೆ ಕುಲಪತಿ ಯಾರಾದರೂ ಮೈಸೂರು ಜಿಲ್ಲೆಯ ಹುಣಸೂರಿನ ಸರ್ಕಾರಿ ಕಾಲೇಜಿನ ಓಟಗಾರ್ತಿಯ ಪಾಡು ಬದಲಾಗುವುದಿಲ್ಲ. ಅವಳ ಪಾಡು ನಿಂತಿರುವುದು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ನಿರ್ದೇಶಕರ ಮೇಲೆ. ಆ ಹುದ್ದೆಯವರ ಕೆಲಸವನ್ನು ಅಳೆಯುವ ಕೋಷ್ಟಕ ಬುಡದಿಂದಲೇ ತಪ್ಪಾಗಿದೆ ಮತ್ತು ಅದನ್ನು ಈಗಲೇ ತಿದ್ದಬೇಕು.

ಯುಜಿಸಿಯ 2018ರ ನಿಯಮಾವಳಿಯಲ್ಲಿ ಈ ಕೋಷ್ಟಕವಿದೆ. ಮೊದಲ ಅಂಶ ಹಾಜರಾತಿ. ಶೇ 90 ಮುಟ್ಟಿದರೆ ‘ಉತ್ತಮ’. ಎರಡನೆಯದು ಕಾಲೇಜಿನೊಳಗಿನ ಸ್ಪರ್ಧೆಗಳು. ಮೂರರಿಂದ ಐದು ಆಟಗಳಲ್ಲಿ ನಡೆಸಿದರೆ ‘ತೃಪ್ತಿಕರ’, ಐದಕ್ಕಿಂತ ಹೆಚ್ಚಾದರೆ ‘ಉತ್ತಮ’. ಮೂರನೆಯದು ಹೊರಗಿನ ಕೂಟಗಳಲ್ಲಿ ಭಾಗವಹಿಸುವಿಕೆ, ನಾಲ್ಕನೆಯದು ಮೈದಾನ ಮತ್ತು ಸಲಕರಣೆ. ಇಷ್ಟಾದ ಮೇಲೆ ಬರುವ ಐದನೆಯ ಅಂಶವನ್ನು ಯಾರೂ ನಿಧಾನವಾಗಿ ಓದಿದಂತಿಲ್ಲ. ಸಂಸ್ಥೆಯ ‘ಕನಿಷ್ಠ ಒಬ್ಬ ವಿದ್ಯಾರ್ಥಿ’ ಮೇಲಿನ ಹಂತದ ತಂಡದಲ್ಲಿ ಆಡಿರಬೇಕು ಎಂಬ ಮಾತು ಇರುವುದು ಅಲ್ಲಿ. ಅದರ ಪಕ್ಕದಲ್ಲೇ ಬೇರೆ ದಾರಿಗಳೂ ಇವೆ: ಕಾರ್ಯಾಗಾರ ನಡೆಸುವುದು, ಒಂದು ಸಂಶೋಧನಾ ಲೇಖನ ಪ್ರಕಟಿಸುವುದು, ಪ್ರವೇಶಾತಿ ಮತ್ತು ಪರೀಕ್ಷೆಯ ಕೆಲಸದಲ್ಲಿ ನೆರವಾಗುವುದು. ಇವುಗಳಲ್ಲಿ ಒಂದು ಮಾಡಿದರೂ ‘ತೃಪ್ತಿಕರ’.

ಈಗ ಲೆಕ್ಕ ಕೂಡಿಸಿ ನೋಡಿ. ಹಾಜರಾತಿ ‘ಉತ್ತಮ’ವಾಗಿದ್ದು, ಉಳಿದವುಗಳಲ್ಲಿ ಯಾವುದಾದರೂ ಎರಡು ‘ತೃಪ್ತಿಕರ’ವಾದರೆ ಆ ವರ್ಷದ ಒಟ್ಟು ಶ್ರೇಣಿ ‘ಉತ್ತಮ’. ಅಂದರೆ ದಿನಾ ಸಹಿ ಹಾಕಿ, ಕಾಲೇಜಿನ ಅಂಗಳದಲ್ಲೇ ಮೂರು ಆಟ ಆಡಿಸಿ, ಪರೀಕ್ಷಾ ಕೊಠಡಿಯ ಕೆಲಸ ಮಾಡಿದವರಿಗೆ ಪೂರ್ಣ ಮನ್ನಣೆ. ಒಬ್ಬ ವಿದ್ಯಾರ್ಥಿಯೂ ಊರು ದಾಟಿ ಓಡಬೇಕಿಲ್ಲ. ಹತ್ತನೇ ಹಂತದ 57,700 ರೂಪಾಯಿ ಮೂಲ ವೇತನದಿಂದ ಹದಿನಾಲ್ಕನೇ ಹಂತದ 1,44,200 ರೂಪಾಯಿಯತ್ತ ಏರುವ ವೃತ್ತಿಯೊಂದರ ವರ್ಷ ವರ್ಷದ ಅಳತೆ ಇದು. ಮೇಲಿನ ಹುದ್ದೆಗಳ ನೇರ ನೇಮಕಾತಿಯಲ್ಲಿ ತಂಡಗಳಿಂದ ‘ಉತ್ತಮ ಸಾಧನೆ’ ಮಾಡಿಸಿದ ಪುರಾವೆ ಕೇಳುತ್ತಾರಲ್ಲ ಎಂದು ಹೇಳುವವರಿದ್ದಾರೆ. ಕೇಳುತ್ತಾರೆ, ನಿಜ. ಎಷ್ಟು ಮಂದಿ, ಯಾವ ಕೂಟ, ಎಷ್ಟನೇ ಸ್ಥಾನ ಎಂಬುದಕ್ಕೆ ಅಲ್ಲಿ ಅಂಕಿಯೇ ಇಲ್ಲ.

ಇದೇ ನಿಯಮಾವಳಿಗೆ ಅಂಕಿಗಳನ್ನು ನಿಖರವಾಗಿ ಬರೆಯಲು ಬರುವುದಿಲ್ಲವೆಂದಲ್ಲ. ಕೆಲಸಕ್ಕೆ ಸೇರಲು ಬಂದ 30 ವರ್ಷದೊಳಗಿನ ಪುರುಷ ಅಭ್ಯರ್ಥಿ 12 ನಿಮಿಷದಲ್ಲಿ 1,800 ಮೀಟರ್ ಓಡಬೇಕು ಅಥವಾ ನಡೆಯಬೇಕು. ಮಹಿಳೆಗೆ 8 ನಿಮಿಷದಲ್ಲಿ 1,000 ಮೀಟರ್. ವಯಸ್ಸು ಏರಿದಂತೆ ದೂರ ಇಳಿಯುತ್ತದೆ. ನಿರ್ದೇಶಕರಾಗುವವರ ಓಟವನ್ನು ಗಡಿಯಾರ ಹಿಡಿದು ಅಳೆಯುವ ವ್ಯವಸ್ಥೆ, ಅವರು ತರಬೇತುಗೊಳಿಸಬೇಕಾದ ಮಕ್ಕಳ ಓಟವನ್ನು ಒಮ್ಮೆಯೂ ಅಳೆದು ನೋಡುವುದಿಲ್ಲ. ಇದನ್ನು ಯಾವ ವಾದದಿಂದ ಸಮರ್ಥಿಸಿಕೊಳ್ಳುತ್ತಾರೋ ನನಗೆ ತಿಳಿಯದು.

ಮಂಗಳೂರಿನ ಉದಾಹರಣೆ ಕೊಡುವವರ ಮಾತಿಗೆ ಬರೋಣ. ಇದೇ ನಿಯಮಗಳ ಅಡಿಯಲ್ಲಿ ಮಂಗಳೂರು ವಿಶ್ವವಿದ್ಯಾಲಯ 2020ರ ಜನವರಿಯಲ್ಲಿ 80ನೇ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟದ ಸಮಗ್ರ ಪ್ರಶಸ್ತಿ ಗೆಲ್ಲಲಿಲ್ಲವೇ? ಗೆದ್ದಿತು. ಆದರೆ ಆ ಕೂಟ ನಡೆದದ್ದು ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲಿ. ಆತಿಥ್ಯ ವಹಿಸಿದ್ದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆನ್ನಿಗೆ ನಿಂತದ್ದು ಆಳ್ವಾಸ್ ಸಂಸ್ಥೆ. ಮಂಗಳೂರಿನ ತಂಡದ ಬಲವೂ ಬಹುಪಾಲು ಆಳ್ವಾಸ್‌ನದೇ. ಅದರ ಸ್ಥಾಪಕ ಎಂ. ಮೋಹನ ಆಳ್ವ ಅವರು ಕ್ರೀಡಾ ದತ್ತು ಯೋಜನೆಯಲ್ಲಿ ಮಕ್ಕಳಿಗೆ ಊಟ, ವಸತಿ, ಶುಲ್ಕ, ತರಬೇತಿ ಎಲ್ಲವನ್ನೂ ಕೊಟ್ಟರು. ಅವರನ್ನು ಯಾವ ಕೋಷ್ಟಕವೂ ಕೇಳಿರಲಿಲ್ಲ. ಶಿಕ್ಷಣ ಸಂಸ್ಥೆಯೊಂದರ ಸ್ಥಾಪಕರ ಹಂಬಲದಿಂದ ಬಂದ ಫಲವನ್ನು ಸರ್ಕಾರಿ ನಿಯಮದ ಯಶಸ್ಸು ಎಂದು ತೋರಿಸುವುದು ಪ್ರಾಮಾಣಿಕವಲ್ಲ. ಕೆ.ಆರ್. ನಗರದಲ್ಲಿ, ಪಿರಿಯಾಪಟ್ಟಣದಲ್ಲಿ ಅಂಥ ಸಂಸ್ಥೆಯಿಲ್ಲ. ಅಲ್ಲಿ ಇರುವುದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಮತ್ತು ಮೈಸೂರು ವಿಶ್ವವಿದ್ಯಾಲಯ. ಆದ್ದರಿಂದ ನಿರ್ದೇಶಕರ ನಾಯಕತ್ವ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಮೂಡುಬಿದಿರೆಯಲ್ಲಲ್ಲ, ಈ ಊರುಗಳಲ್ಲಿ.

ಈ ಹುದ್ದೆಗೆ ಬೇರೊಂದು ಪರಂಪರೆಯೂ ಇತ್ತು. 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದ ಎಚ್.ಸಿ. ಬಕ್, 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತ ತಂಡದ ವ್ಯವಸ್ಥಾಪಕರಾಗಿ ಹೋದರು. ದಕ್ಷಿಣದ ಕಾಲೇಜುಗಳ ‘ಪಿ.ಡಿ. ಸಾರ್’ಗಳ ಮೊದಲ ತಲೆಮಾರುಗಳನ್ನು ತಯಾರು ಮಾಡಿದ್ದು ಆ ಕಾಲೇಜೇ. ಪಾಠ ಹೇಳಿದವರೇ ಓಟಗಾರರ ಜೊತೆ ಟ್ರ್ಯಾಕಿನ ಬದಿಯಲ್ಲಿ ನಿಲ್ಲುತ್ತಿದ್ದರು.

ಈಗ ಮೈಸೂರು ಸೀಮೆಯ ಮಕ್ಕಳ ವರ್ಷ ಹೇಗೆ ಸಾಗುತ್ತದೆ ಎಂಬುದನ್ನು ಕೋಷ್ಟಕ ಬರೆದವರು ಕಂಡಿಲ್ಲ. ಹುಣಸೂರು, ಪಿರಿಯಾಪಟ್ಟಣದಲ್ಲಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹೊಗೆಸೊಪ್ಪು ಮುರಿಯುವ, ಹದ ಮಾಡುವ ಬ್ಯಾರನ್ನಿಗೆ ಏರಿಸುವ, ರಾತ್ರಿಯಿಡೀ ಉರಿ ನೋಡುವ ಕೆಲಸ. ಮನೆಯ ಮಕ್ಕಳೆಲ್ಲ ಅದಕ್ಕೆ ಕೈ ಹಾಕಲೇಬೇಕು. ಅಂತರ ವಿಶ್ವವಿದ್ಯಾಲಯ ಕೂಟ ಬರುವುದು ವರ್ಷದ ಕೊನೆಗೆ ಅಥವಾ ಹೊಸ ವರ್ಷದ ಮೊದಲ ವಾರಗಳಲ್ಲಿ. ಅಂದರೆ ದೇಹ ಕಟ್ಟಬೇಕಾದ ತಿಂಗಳುಗಳೇ ಬ್ಯಾರನ್ನಿನ ಮುಂದೆ ಕಳೆದುಹೋಗುತ್ತವೆ. ಎಚ್.ಡಿ. ಕೋಟೆಯ ಹಾಡಿಗಳ ಜೇನುಕುರುಬ, ಕಾಡುಕುರುಬ ಮಕ್ಕಳಿಗೆ ತೊಡಕು ಬೇರೆ: ಸಂಜೆ ಅಭ್ಯಾಸಕ್ಕೆ ನಿಂತರೆ ಊರಿಗೆ ಹೋಗುವ ಬಸ್ಸು ತಪ್ಪುತ್ತದೆ. ಕೆ.ಆರ್. ನಗರದ ಹೊಸ ಅಗ್ರಹಾರ ಹೋಬಳಿಯಿಂದ ಬರುವ ಹುಡುಗನಿಗೂ ಅದೇ ಬಸ್ಸಿನ ಚಿಂತೆ. ಹಲವು ಕಾಲೇಜುಗಳಲ್ಲಿ ಕ್ರೀಡೆಯ ಹೊಣೆ ವಾಣಿಜ್ಯವನ್ನೋ ಕನ್ನಡವನ್ನೋ ಪಾಠ ಮಾಡುವ ಕ್ರೀಡಾ ಸಂಚಾಲಕರ ಹೆಗಲ ಮೇಲಿದೆ. ಇದನ್ನೆಲ್ಲ ಬಲ್ಲ ನಿರ್ದೇಶಕರು ಶಿಬಿರವನ್ನು ಸೊಪ್ಪಿನ ಕೆಲಸ ಶುರುವಾಗುವ ಮುಂಚೆಯೇ ಇಡುತ್ತಾರೆ, ಹಾಡಿಯ ಮಕ್ಕಳಿಗೆ ಹಾಸ್ಟೆಲ್ ಕೊಡಿಸಲು ಸಮಾಜ ಕಲ್ಯಾಣ ಇಲಾಖೆಯ ಬಾಗಿಲು ತಟ್ಟುತ್ತಾರೆ. ಅಂಥ ಓಡಾಟದಲ್ಲಿ ಅವರ ಸಹಿ ಪುಸ್ತಕ ಖಾಲಿ ಉಳಿಯಬಹುದು. ಕೋಷ್ಟಕದ ಮೊದಲ ಸಾಲು ಶಿಕ್ಷಿಸುವುದು ಈ ಬಗೆಯ ನಿರ್ದೇಶಕರನ್ನೇ.

ವ್ಯಾಪ್ತಿ ದೊಡ್ಡದು ಎಂಬ ಸಬೂಬು ಮೈಸೂರಿಗೆ ಈಗ ಉಳಿದಿಲ್ಲ. ಹಾಸನ, ಮಂಡ್ಯ, ಚಾಮರಾಜನಗರಗಳಿಗೆ ಬೇರೆ ವಿಶ್ವವಿದ್ಯಾಲಯಗಳಾಗಿವೆ. ಅವುಗಳೂ ಸೇರಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯಿಂದ ಬಂತು. ಮುಚ್ಚಿದರೆ ಹೊರೆ ಮತ್ತೆ ಮೈಸೂರಿನ ಮೇಲೆ ಬೀಳುತ್ತದೆ, ಆಗ ನಾಲ್ಕು ಜಿಲ್ಲೆಗಳ ಓಟಗಾರರು ಒಂದೇ ತಂಡದ ಜಾಗಗಳಿಗೆ ಪೈಪೋಟಿ ನಡೆಸಬೇಕಾಗುತ್ತದೆ. ಅದಕ್ಕೂ ಮೊದಲು ನಿರ್ದೇಶಕರ ಕೆಲಸ ಅಳೆಯುವ ಲೆಕ್ಕದ ಪುಸ್ತಕ ಸರಿಯಾಗಲಿ.

ಯುಜಿಸಿ ಹೇಳುವುದು ಕನಿಷ್ಠ ಮಾನದಂಡ. ಅದಕ್ಕಿಂತ ಹೆಚ್ಚು ಕೇಳಲು ದೆಹಲಿಯ ಅಪ್ಪಣೆಗಾಗಿ ಕಾಯಬೇಕಿಲ್ಲ. ಮೈಸೂರು ವಿಶ್ವವಿದ್ಯಾಲಯದ ಸಿಂಡಿಕೇಟ್ ಪ್ರತಿ ವರ್ಷ ಒಂದು ಪಟ್ಟಿ ಕೇಳಿ ಪ್ರಕಟಿಸಲಿ: ಯಾವ ತಾಲ್ಲೂಕಿನ ಯಾವ ಕಾಲೇಜಿನಿಂದ ಎಷ್ಟು ಮಂದಿ ವಿಶ್ವವಿದ್ಯಾಲಯದ ತಂಡಕ್ಕೆ ಬಂದರು, ಸೇರಿದಾಗ ಅವರ ಸಮಯ ಅಥವಾ ದೂರ ಎಷ್ಟಿತ್ತು, ಪದವಿ ಮುಗಿಸುವಾಗ ಎಷ್ಟಾಯಿತು. ಅಂತರ ಕಾಲೇಜು ಕೂಟಗಳ ಫಲಿತಾಂಶದ ಹಾಳೆಗಳಲ್ಲಿ ಈ ಅಂಕಿಗಳು ಈಗಾಗಲೇ ಇವೆ, ಒಟ್ಟುಗೂಡಿಸಲು ಒಬ್ಬ ಗುಮಾಸ್ತ ಸಾಕು. ನಿರ್ದೇಶಕರ ಬಡ್ತಿಯ ಕಡತ ಸಮಿತಿಯ ಮುಂದೆ ಬಂದಾಗ ಹಾಜರಾತಿಯ ಹಾಳೆಗಿಂತ ಮೇಲೆ ಆ ಪಟ್ಟಿ ಇರಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಎದುರು ಮೂರು ವರ್ಷ ಸತತ ಸೊನ್ನೆ ಇದ್ದರೆ ಬಡ್ತಿಯನ್ನು ತಡೆಹಿಡಿಯಬೇಕು.