ಆಕರಸೂಚಿಯಲ್ಲಿ ಕನ್ನಡಿಗರ ಹೆಸರು

ವಿಜ್ಞಾನಪತ್ರಿಕೆಗೆ ಲೇಖನವನ್ನು ಕಳುಹಿಸುವವರು ಅದರ ಕೊನೆಯಲ್ಲಿ ಆಕರಸೂಚಿಯೊಂದನ್ನು ಜೋಡಿಸಬೇಕೆಂಬುದು ಎಲ್ಲೆಡೆಯಲ್ಲಿಯೂ ರೂಢವಾಗಿರುವ ನಿಯಮ. ತಾನು ಯಾರ ಶೋಧನೆಯನ್ನು ಆಧರಿಸಿ ಮುಂದುವರಿದೆನೆಂಬುದನ್ನು ಲೇಖಕನು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಸಂಶಯಪಟ್ಟ ವಾಚಕನು ಆ ದಾರಿಯನ್ನು ಹಿಡಿದು ಮೂಲವನ್ನು ಪರೀಕ್ಷಿಸುತ್ತಾನೆ. ಋಣವನ್ನು ಒಪ್ಪುವುದು, ದಾರಿಯನ್ನು ತೋರುವುದು, ಇವೆರಡೇ ಸೂಚಿಯ ಪ್ರಯೋಜನಗಳು. ಅಲ್ಪವಿರಾಮವೆಲ್ಲಿ, ಪೂರ್ಣವಿರಾಮವೆಲ್ಲಿ, ಇಸವಿಯು ಆವರಣದ ಒಳಗೋ ಹೊರಗೋ ಎಂಬುವೆಲ್ಲ ಅಚ್ಚಿನ ಅನುಕೂಲಕ್ಕೆ ಸೇರಿದ ಮಾತುಗಳು. ಆಯಾ ಪತ್ರಿಕೆ ಹೇಳಿದಂತೆ ಮಾಡಿದರೆ ಯಾರಿಗೂ ನಷ್ಟವಿಲ್ಲ. ಹೆಸರನ್ನು ಬರೆಯುವ ಕ್ರಮ ಮಾತ್ರ ಹಾಗಲ್ಲ. ಅಲ್ಲಿ ತಪ್ಪಿದರೆ ಋಣವು ಬೇರೊಬ್ಬರ ಖಾತೆಗೆ ಜಮೆಯಾಗುತ್ತದೆ.

ಈಗ ಪ್ರಚಲಿತವಾಗಿರುವ ಕ್ರಮಗಳಲ್ಲಿ ಬಹುಪಾಲು, ಮನೆತನದ ಹೆಸರನ್ನು ಮೊದಲಿಟ್ಟು ಸ್ವಂತ ಹೆಸರನ್ನು ಒಂದಕ್ಷರಕ್ಕೆ ಇಳಿಸತಕ್ಕದ್ದೆಂದು ವಿಧಿಸುತ್ತವೆ. 1978ರಲ್ಲಿ ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ಕೆಲವು ವೈದ್ಯಪತ್ರಿಕೆಗಳ ಸಂಪಾದಕರು ಕಲೆತು ಮಾತನಾಡಿದುದರ ಫಲವಾಗಿ 1979ರಲ್ಲಿ ಹೊರಬಂದ ವಿಧಾನವು ಇವುಗಳಲ್ಲಿ ಪ್ರಸಿದ್ಧವಾದುದು. ಹೊಸೂರು ರಸ್ತೆಯ ನಿಮ್ಹಾನ್ಸಿನಂತಹ ಸಂಸ್ಥೆಗಳಲ್ಲಿ ಕೆಲಸಮಾಡುವ ವೈದ್ಯರೆಲ್ಲರೂ ಇದನ್ನು ಬಲ್ಲರು. ಮನೆತನದ ಹೆಸರು ತಂದೆಯಿಂದ ಮಗನಿಗೆ ಬರುವ ದೇಶಗಳಲ್ಲಿ ಇದು ಸಲ್ಲುವ ಕ್ರಮವೇ ಸರಿ. ಆದರೆ ಬಸವನಗುಡಿ, ಜಯನಗರ, ಬನಶಂಕರಿಗಳ ಮನೆಬಾಗಿಲಿನ ಹೆಸರುಹಲಗೆಗಳನ್ನು ಓದುತ್ತ ಒಂದು ಬೀದಿಯನ್ನು ದಾಟಿದವರಿಗೆ ಈ ದೇಶದ ಸ್ಥಿತಿ ಬೇರೆಯೆಂಬುದು ತಿಳಿಯದಿರದು. ಇಲ್ಲಿ ಅನೇಕರಿಗೆ ಮನೆತನದ ಹೆಸರೇ ಇಲ್ಲ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಆಮೇಲೆ ತನ್ನ ಹೆಸರು.

ಬಸವನಗುಡಿಯ ಪ್ರಾಂತದಲ್ಲಿ 1945ರಲ್ಲಿ ಗೋಖಲೆ ಸಾರ್ವಜನಿಕ ಸಂಸ್ಥೆಯನ್ನು ಸ್ಥಾಪಿಸಿದ ಡಿ. ವಿ. ಗುಂಡಪ್ಪನವರ ಹೆಸರಿನಲ್ಲಿ ದೇವನಹಳ್ಳಿ ಊರು, ವೆಂಕಟರಮಣಯ್ಯ ತಂದೆ. ಅವರ ಮಗ ಸಸ್ಯಶಾಸ್ತ್ರಜ್ಞ ಬಿ. ಜಿ. ಎಲ್. ಸ್ವಾಮಿಯವರ ಹೆಸರಿನಲ್ಲಿ ಬೆಂಗಳೂರು ಊರು, ಗುಂಡಪ್ಪ ತಂದೆ, ಲಕ್ಷ್ಮೀನಾರಾಯಣಸ್ವಾಮಿ ಸ್ವಂತ ಹೆಸರು. ಪರದೇಶದ ಸೂಚಿಗಳ ನಿಯಮದಂತೆ ತಂದೆಯ ಮನೆತನ ‘ಗುಂಡಪ್ಪ’, ಮಗನ ಮನೆತನ ‘ಸ್ವಾಮಿ’! ಲಕ್ಷ್ಮೀನಾರಾಯಣನು ಒಂದು ‘ಎಲ್’ ಆಗಿ ಬಾಲದಲ್ಲಿ ಉಳಿದನು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ಇದೇ ಅಚ್ಚಿಗೆ ಹಾಕಿದರೆ ‘ಅಯ್ಯಂಗಾರ್ ಎಂ. ವಿ.’ ಎಂದಾಗುತ್ತದೆ, ಊರೂ ಹೋಯಿತು, ಹೆಸರೂ ಹೋಯಿತು, ಸಾವಿರಾರು ಜನರಿಗೆ ಸಾಧಾರಣವಾದ ಜಾತಿಸೂಚಕವೊಂದು ಉಳಿಯಿತು. ಇನಿಷಿಯಲ್ಲನ್ನು ಹೆಸರಿನ ಕೊನೆಗೆ ಬರೆಯುವ ಪದ್ಧತಿಯೂ ಬೆಂಗಳೂರಿನಲ್ಲಿ ಬಲವಾಗಿದೆ. ‘ಸುಧಾ ಎಚ್. ಆರ್.’ ಎಂಬಂತಹ ಹೆಸರನ್ನು ಸೂಚಿ ಜೋಡಿಸುವ ಗಣಕಯಂತ್ರಕ್ಕೆ ಒಪ್ಪಿಸಿದರೆ, ಕಡೆಯ ಪದವೇ ಮನೆತನವೆಂದು ತಿಳಿಯುವ ಬಿಬ್‌ಟೆಕ್ಸಿನಂತಹ ವಿಧಾನವು ‘ಆರ್’ ಎಂಬುದನ್ನೇ ಆಕೆಯ ವಂಶನಾಮವಾಗಿ ಮಾಡುತ್ತದೆ.

ಇದು ಬರಿಯ ನಗೆಯ ಮಾತಲ್ಲ. ಸರ್ ಸಿ. ವಿ. ರಾಮನ್ನರ ಒಡಹುಟ್ಟಿದವರ ಮಕ್ಕಳಲ್ಲಿ ಇಬ್ಬರು ಚಂದ್ರಶೇಖರರು. ಒಬ್ಬರು 1983ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಖಭೌತಶಾಸ್ತ್ರಜ್ಞ ಸುಬ್ರಹ್ಮಣ್ಯನ್ ಚಂದ್ರಶೇಖರ್. ಇನ್ನೊಬ್ಬರು 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಸಹೋದ್ಯೋಗಿಗಳೊಡನೆ ಕಂಡುಹಿಡಿದ ಶಿವರಾಮಕೃಷ್ಣ ಚಂದ್ರಶೇಖರ್. ಇಬ್ಬರೂ ಸೂಚಿಗಳಲ್ಲಿ ‘ಚಂದ್ರಶೇಖರ್ ಎಸ್.’ ಇಂತಹ ಕೀರ್ತಿವಂತರನ್ನು ಬಲ್ಲವರು ವಿಂಗಡಿಸಿಯಾರು. ಹೆಸರು ಇನ್ನೂ ಹಬ್ಬದಿರುವ ತರುಣ ಸಂಶೋಧಕನನ್ನು ಅದೇ ಹೆಸರಿನ ಹತ್ತು ಮಂದಿಯಿಂದ ವಿಂಗಡಿಸುವವರು ಯಾರು? ತಂದೆಯ ಇನಿಷಿಯಲ್ಲಿನಿಂದ ಮೊದಲ ಲೇಖನವನ್ನು ಪ್ರಕಟಿಸಿ, ವಿವಾಹಾನಂತರ ಪತಿಯ ಇನಿಷಿಯಲ್ಲಿನಿಂದ ಎರಡನೆಯದನ್ನು ಪ್ರಕಟಿಸಿದ ಹೆಣ್ಣುಮಗಳು ಸೂಚಿಯಲ್ಲಿ ಇಬ್ಬರಾಗುತ್ತಾಳೆ. ಉದ್ಯೋಗಕ್ಕೆ ಆರಿಸುವ ಮಂಡಲಿಯು ಉಲ್ಲೇಖಗಳನ್ನು ಎಣಿಸುವಾಗ ಅವಳ ದುಡಿಮೆಯಲ್ಲಿ ಒಂದು ಪಾಲು ಯಾರ ಲೆಕ್ಕಕ್ಕೂ ಸೇರದೆ ಹೋಗುತ್ತದೆ.

ಒಂದು ಉಲ್ಲೇಖವು ಎಷ್ಟು ಕೆಲಸವನ್ನು ಮಾಡಬಲ್ಲದೆಂಬುದಕ್ಕೆ ಬೆಂಗಳೂರಿನಲ್ಲಿಯೇ ನಿದರ್ಶನವುಂಟು. ಎಸ್. ಪಂಚರತ್ನಂ ಎಂಬ ತರುಣ ವಿಜ್ಞಾನಿಯು 1956ರಲ್ಲಿ, ಧ್ರುವೀಕರಿಸಿದ ಬೆಳಕಿನ ಕಿರಣಗಳು ಕೂಡುವ ವಿಷಯವಾಗಿ, ಇಲ್ಲಿಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಲೇಖನವನ್ನು ಬರೆದರು; 1969ರಲ್ಲಿ ತೀರಿಕೊಂಡರು. 1984ರಲ್ಲಿ ಇಂಗ್ಲೆಂಡಿನ ಬೆರಿ ಎಂಬ ವಿದ್ವಾಂಸರು ಅದೇ ಜಾತಿಯ ತತ್ತ್ವವನ್ನು ವ್ಯಾಪಕವಾಗಿ ಪ್ರತಿಪಾದಿಸಿದಾಗ, ಪಂಚರತ್ನಂ ಅವರ ಅಣ್ಣ ಎಸ್. ರಾಮಶೇಷನ್ ಮತ್ತು ಆರ್. ನಿತ್ಯಾನಂದ ಅವರು 1986ರ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಆ ಹಳೆಯ ಲೇಖನವನ್ನು ಎತ್ತಿ ತೋರಿಸಿದರು. ಬೆರಿಯವರೂ ಮರುವರುಷ ಅದನ್ನು ಮನಃಪೂರ್ವಕವಾಗಿ ಅಂಗೀಕರಿಸಿದರು. ಪಂಚರತ್ನಂ ಅವರ ಹೆಸರು ಇಂದು ಭೌತಶಾಸ್ತ್ರದ ಪಾಠಗಳಲ್ಲಿ ನಿಂತಿರುವುದು ಸರಿಯಾದ ಹೆಸರು, ಇಸವಿ, ಪುಟಗಳನ್ನು ಹುಡುಕಿ ತೋರಿಸಿದವರಿದ್ದುದರಿಂದ.

ಇದಕ್ಕೆ ಪೂರ್ವಪಕ್ಷವಿಲ್ಲದಿಲ್ಲ. ಎಲ್ಲರಿಗೂ ಒಂದೇ ನಿಯಮವಿಲ್ಲದಿದ್ದರೆ ಅವ್ಯವಸ್ಥೆಯಾದೀತೆಂದು ಕೆಲವರು ಹೇಳುವರು. ಒಬ್ಬನನ್ನು ಇಬ್ಬರನ್ನಾಗಿಯೂ ಇಬ್ಬರನ್ನು ಒಬ್ಬನನ್ನಾಗಿಯೂ ಮಾಡುವುದೇ ವ್ಯವಸ್ಥೆಯಾದರೆ ಅವ್ಯವಸ್ಥೆಯ ಲಕ್ಷಣವೇನು? 2012ರಲ್ಲಿ ಆರಂಭವಾದ ‘ಆರ್ಕಿಡ್’ ಎಂಬ ಹದಿನಾರು ಅಂಕಿಗಳ ಸಂಖ್ಯೆಯು ಎಲ್ಲವನ್ನೂ ಬಗೆಹರಿಸುವುದೆಂದು ಇನ್ನು ಕೆಲವರು ಹೇಳುವರು. ಅದು ಒಳ್ಳೆಯದೇ, ಪ್ರತಿಯೊಬ್ಬ ಸಂಶೋಧಕನೂ ಪಡೆಯಲಿ. ಆದರೆ ಪಂಚರತ್ನಂ, ಸ್ವಾಮಿ ಮೊದಲಾದ ಗತಿಸಿದವರು ಆ ಸಂಖ್ಯೆಯನ್ನು ಪಡೆಯುವುದೆಂತು? ಜಗತ್ತಿನ ರೀತಿಗೆ ಒಗ್ಗಿಕೊಂಡು ಒಂದು ವಂಶನಾಮವನ್ನು ಇಟ್ಟುಕೊಳ್ಳಬಾರದೇಕೆಂದು ಕೇಳುವವರೂ ಉಂಟು. ಸ್ವೇಚ್ಛೆಯಿಂದ ಇಟ್ಟುಕೊಳ್ಳುವವರನ್ನು ಬೇಡವೆನ್ನುವವರಿಲ್ಲ. ಅರ್ಜಿಯ ಖಾಲಿಜಾಗವೊಂದನ್ನು ತುಂಬುವುದಕ್ಕಾಗಿ ತಂದೆತಾಯಿಗಳು ಇಟ್ಟ ಹೆಸರನ್ನು ಮುರಿಯಬೇಕೆಂಬುದು ಮಾತ್ರ ನ್ಯಾಯವಲ್ಲ. ಟೋಪಿಗೆ ತಕ್ಕಂತೆ ತಲೆಯನ್ನು ಕೆತ್ತುವುದುಂಟೆ?

ಗ್ರಂಥಾಲಯಶಾಸ್ತ್ರದ ಆಚಾರ್ಯ ಎಸ್. ಆರ್. ರಂಗನಾಥನ್ನರು 1962ರಲ್ಲಿ ಬೆಂಗಳೂರಿನಲ್ಲಿ ತೆರೆದ ಪ್ರಲೇಖನ ಶಿಕ್ಷಣಕೇಂದ್ರವು ಇಂದಿಗೂ ಮೈಸೂರು ರಸ್ತೆಯಲ್ಲಿ ನಡೆಯುತ್ತಿದೆ. ಅವರ ಹೆಸರಿನಲ್ಲಿ ಶಿಯಾಳಿ ಊರು, ರಾಮಾಮೃತ ತಂದೆ. ತಮ್ಮ ಸೂಚಿಗಳಲ್ಲಿ ಅವರು ರಂಗನಾಥನ್ ಎಂಬುದನ್ನು ಮೊದಲಿಟ್ಟು ಉಳಿದ ಅಕ್ಷರಗಳನ್ನು ಆವರಣದಲ್ಲಿ ಇಟ್ಟರು. ಅದು ವಂಶನಾಮವೆಂದಲ್ಲ, ಜನರು ಅವರನ್ನು ಅರಸುವುದು ಆ ಹೆಸರಿನಿಂದಲೆಂದು. 1931ರಲ್ಲಿ ಅವರು ಸಾರಿದ ಐದು ಸೂತ್ರಗಳಲ್ಲಿ ವಾಚಕನ ಕಾಲವನ್ನು ಉಳಿಸಬೇಕೆಂಬುದೂ ಒಂದು. ಹೆಸರಿನ ಯಾವ ಭಾಗ ಮೊದಲು ಬರಬೇಕೆಂಬುದಕ್ಕೆ ಇದಕ್ಕಿಂತ ಮೇಲಾದ ಪ್ರಮಾಣ ಬೇಕಿಲ್ಲ.

ಆದುದರಿಂದ ಆಗಬೇಕಾದುದು ಮೂರು. ಲೇಖಕನು ಮೊದಲ ಲೇಖನದಲ್ಲಿ ಹೇಗೆ ಸಹಿಮಾಡುವನೋ ಕಡೆಯವರೆಗೂ ಹಾಗೆಯೇ ಸಹಿಮಾಡಲಿ. ಉಲ್ಲೇಖಿಸುವವನು ಪರರ ಸೂಚಿಯಿಂದ ನಕಲು ತೆಗೆಯದೆ, ಮೂಲಲೇಖನದ ಮೊದಲ ಪುಟವನ್ನು ತೆರೆದು ಅಲ್ಲಿರುವಂತೆ ಹೆಸರನ್ನು ಬರೆಯಲಿ. ಪತ್ರಿಕೆಯ ಸಂಪಾದಕರು ಅರ್ಜಿಯಲ್ಲಿ ‘ನಿಮ್ಮ ವಂಶನಾಮವೇನು?’ ಎನ್ನುವುದನ್ನು ಬಿಟ್ಟು, ‘ಸೂಚಿಯಲ್ಲಿ ನಿಮ್ಮ ಹೆಸರು ಹೇಗೆ ಬರಬೇಕು?’ ಎಂದು ಕೇಳಲಿ. ಬೆಂಗಳೂರಿನಿಂದ ಹೊರಡುವ ಪತ್ರಿಕೆಗಳಾದರೂ ಈ ಪ್ರಶ್ನೆಯನ್ನು ಮೊದಲು ಕೇಳದಿದ್ದರೆ ಮತ್ತಾರು ಕೇಳಬೇಕು? ಸಾಲಗಾರನು ಸಾಲವನ್ನು ಒಪ್ಪಿಕೊಂಡರೆ ಸಾಲದು. ಕೊಟ್ಟವನ ಹೆಸರನ್ನು ಸರಿಯಾಗಿ ಹೇಳಬೇಕು.