ಹಾರಾಟ ಒಂದು ಗಂಟೆ, ಪ್ರಯಾಣ ಐದು ಗಂಟೆ

ಬೆಂಗಳೂರು–ಶಿವಮೊಗ್ಗ ವಿಮಾನದ ಹಾರಾಟ ಹೆಚ್ಚುಕಡಿಮೆ ಒಂದು ಗಂಟೆಯದು. ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಿಂದ ಶಿವಮೊಗ್ಗದ ನಿಲ್ದಾಣವಿರುವ ಸೋಗಾನೆಗೆ ನೇರ ಗೆರೆ ಎಳೆದರೆ ಸುಮಾರು 240 ಕಿ.ಮೀ. ಆದರೆ ಬೆಂಗಳೂರಿನ ಪಶ್ಚಿಮದಲ್ಲಿ, ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ಮನೆ ಮಾಡಿಕೊಂಡವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿಂದ ಸೋಗಾನೆಗೆ ನೇರ ಗೆರೆಯಲ್ಲಿ 225 ಕಿ.ಮೀ. ಆಸುಪಾಸು, ಅಂದರೆ ವಿಮಾನ ನಿಲ್ದಾಣಕ್ಕಿಂತ ಅವರ ಮನೆಯೇ ಶಿವಮೊಗ್ಗಕ್ಕೆ ಹತ್ತಿರ. ಪಶ್ಚಿಮಕ್ಕೆ ಹೋಗಬೇಕಾದವರು ಮೊದಲು ಈಶಾನ್ಯಕ್ಕೆ 40 ಕಿ.ಮೀ.ಗೂ ಹೆಚ್ಚು ಸಾಗಬೇಕು.

ಆ ದಾರಿಯೋ, ಸುಂಕದಕಟ್ಟೆ ದಾಟಿ, ಸುಮನಹಳ್ಳಿಯಲ್ಲಿ ರಿಂಗ್ ರೋಡ್ ಹಿಡಿದು, ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಕಾದು, ಹೆಬ್ಬಾಳದಲ್ಲಿ ಮತ್ತೆ ನಿಲ್ಲುವ ದಾರಿ. ಬೆಳಗಿನ ಟ್ರಾಫಿಕ್‌ನಲ್ಲಿ ಎರಡು ಗಂಟೆ ಕೈಯಲ್ಲಿಟ್ಟುಕೊಂಡೇ ಹೊರಡಬೇಕು. ಚೆಕ್-ಇನ್, ತಪಾಸಣೆ ಅಂತ ಇನ್ನೊಂದೂವರೆ ಗಂಟೆ. ಹಾರಾಟ, ಆಮೇಲೆ ಸೋಗಾನೆಯಿಂದ ಊರೊಳಗೆ ಹೋಗುವುದು ಎಲ್ಲ ಸೇರಿದರೆ ಐದು ಗಂಟೆ. ಯಶವಂತಪುರದಲ್ಲಿ ಜನಶತಾಬ್ದಿ ರೈಲು ಹತ್ತಿದವರು ಅಷ್ಟರಲ್ಲಿ ಶಿವಮೊಗ್ಗದಲ್ಲಿ ಇಳಿದಿರುತ್ತಾರೆ, ಅದೂ ಬಹಳ ಕಡಿಮೆ ದುಡ್ಡಿನಲ್ಲಿ.

ಹಾಗೆಂದು 2023ರ ಆಗಸ್ಟ್‌ನಲ್ಲಿ ಸೇವೆ ಶುರುಮಾಡಿದ ಶಿವಮೊಗ್ಗದ ಕುವೆಂಪು ವಿಮಾನ ನಿಲ್ದಾಣ ದಂಡ ಎನ್ನುತ್ತಿಲ್ಲ. ಅದರ ರನ್‌ವೇ 3,200 ಮೀಟರ್ ಉದ್ದವಿದೆ, ಮಲೆನಾಡನ್ನು ದೂರದ ಊರುಗಳಿಗೆ ಜೋಡಿಸುವ ಶಕ್ತಿ ಅದಕ್ಕಿದೆ. ವಿಮಾನದ ಲಾಭ ಇರುವುದು ದೂರದಲ್ಲಿ. ಬೀದರ್ ಬೆಂಗಳೂರಿನಿಂದ ನೇರ ಗೆರೆಯಲ್ಲೇ 520 ಕಿ.ಮೀ. ಆಚೆಗಿದೆ, ರೈಲಿನಲ್ಲಿ ಒಂದು ಇಡೀ ರಾತ್ರಿ ಬೇಕು. ಅಲ್ಲಿನ ರೋಗಿಗೆ, ವಿದ್ಯಾರ್ಥಿಗೆ ಒಂದೂವರೆ ಗಂಟೆಯ ಹಾರಾಟ ನಿಜವಾದ ಉಳಿತಾಯ. ಆದರೂ 2020ರಲ್ಲಿ ಆರಂಭವಾದ ಬೀದರ್ ಸೇವೆ ನಡುವೆ ನಿಂತುಹೋಗಿತ್ತು. ಸರ್ಕಾರದ ಸಹಾಯಧನ ಮೊದಲು ಸಲ್ಲಬೇಕಾದದ್ದು ಇಂಥ ಮಾರ್ಗಗಳಿಗೆ.

ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ ಬಂದರೆ ಪಶ್ಚಿಮದವರ ಕಷ್ಟ ತೀರುತ್ತದೆ ಎಂಬ ಮಾತಿದೆ. ಕನಕಪುರ ರಸ್ತೆಯ ಜತೆ ನೆಲಮಂಗಲ–ಕುಣಿಗಲ್ ರಸ್ತೆಯ ಜಾಗವೂ ಪರಿಶೀಲನೆಗೆ ಹೋಗಿದ್ದರಿಂದ ಈ ಭಾಗದಲ್ಲಿ ಆಸೆ ಹುಟ್ಟಿರುವುದು ಸಹಜ. ಆದರೆ ಈಗಿನ ದೇವನಹಳ್ಳಿ ನಿಲ್ದಾಣದ 150 ಕಿ.ಮೀ. ವ್ಯಾಪ್ತಿಯಲ್ಲಿ ಇನ್ನೊಂದು ನಿಲ್ದಾಣ ಬೇಡವೆಂಬ ಒಪ್ಪಂದದ ಷರತ್ತು 2033ರವರೆಗೂ ಇದೆ. ಅಲ್ಲಿಯವರೆಗೆ ಜನ ಏನು ಮಾಡಬೇಕು?

ಇದಕ್ಕೆ ಉತ್ತರ ಇರುವುದು ಬೆಂಗಳೂರು ಮೆಟ್ರೊದ ಮೂರನೇ ಹಂತದಲ್ಲಿ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಯಲ್ಲಿ ಹೊಸಹಳ್ಳಿ–ಕಡಬಗೆರೆ ನಡುವಿನ 12.5 ಕಿ.ಮೀ. ಮಾರ್ಗ ಬ್ಯಾಡರಹಳ್ಳಿಯನ್ನು ಮುಟ್ಟುತ್ತದೆ. ಸುಮನಹಳ್ಳಿಯಲ್ಲಿ ಬದಲಾಯಿಸಿದರೆ ಹೆಬ್ಬಾಳ, ಕೆಂಪಾಪುರ. ಅಲ್ಲಿಂದ ವಿಮಾನ ನಿಲ್ದಾಣದ ನೀಲಿ ಮಾರ್ಗ. ಕಾಗದದ ಮೇಲೆ ಎಲ್ಲವೂ ಕೂಡಿಬರುತ್ತದೆ. ಆದರೆ ಎರಡು ಕಡೆ ರೈಲು ಬದಲಾಯಿಸಬೇಕಾದ ಪ್ರಯಾಣಿಕರ ಕೈಯಲ್ಲಿ ಸೂಟ್‌ಕೇಸ್ ಇರುತ್ತದೆ, ಜತೆಗೆ ವಯಸ್ಸಾದ ತಂದೆತಾಯಿ ಇರುತ್ತಾರೆ. ರಸ್ತೆಗೆ ಇಳಿಯದೆ, ಮೆಟ್ಟಿಲು ಹತ್ತದೆ ಒಂದು ಪ್ಲಾಟ್‌ಫಾರ್ಮ್‌ನಿಂದ ಇನ್ನೊಂದಕ್ಕೆ ಹೋಗುವ ವ್ಯವಸ್ಥೆಯನ್ನು ಈಗಲೇ, ನಕ್ಷೆಯ ಹಂತದಲ್ಲೇ ಖಚಿತಪಡಿಸಿಕೊಳ್ಳಬೇಕು. ಕಂಬಗಳು ಎದ್ದ ಮೇಲೆ ಕೇಳಿ ಪ್ರಯೋಜನವಿಲ್ಲ.